ಗಿರಿಯಮ್ಮನ ಮುಯ್ಯಿ

ಬೇವಿನ ನೆರಳು ಸರಿದು ಪಾದದ ಮೇಲೆ ಬಿಸಿಲು ಬಿತ್ತು, ಜಾಲಿಮುಳ್ಳು ಹೊಕ್ಕ ಕಡೆ ಊದಿ ಹೊಳೆಯುತ್ತಿದೆ, ಇವತ್ತೇ ಚುಚ್ಚಬೇಕಿತ್ತೇ ಇದು, ಕನಕಮ್ಮನ ಹೊಲದಲ್ಲಿ ಕಳೆ ತೆಗೆದು ನಾನು ಮುಯ್ಯಿ ತೀರಿಸಬೇಕಾದ ದಿನವೇ — ಹೋದ ವಾರ ಇದೇ ಹೆಂಗಸರು ನನ್ನ ಸಜ್ಜೆ ಹೊಲದಲ್ಲಿ ಬೆನ್ನು ಬಾಗಿಸಿದ್ದರು, ಆಳಿಗೆ ಆಳು, ಸಂತೆಕಲ್ಲೂರಿನಲ್ಲಿ ಎಲ್ಲರದೂ ಇದೇ ಲೆಕ್ಕ, ಆದರೆ ನಮ್ಮ ಗುಂಪಿನಲ್ಲಿ ಇನ್ನೊಂದು ಮಾತಿದೆ, ಆಳು ತಪ್ಪಿದ ಮನೆಯ ಕೂಸನ್ನು ಈ ಬೇವಿನ ಕೆಳಗೆ ಯಾರೂ ನೋಡಿಕೊಳ್ಳುವುದಿಲ್ಲ, ನೋಡಿಕೊಳ್ಳುವ ಪಾಳಿ ಇವತ್ತು ಜಂಬಮ್ಮನದು, ನಾನು ಸುಮ್ಮನೆ ಕೂತಿದ್ದೇನೆ, ನಾಳೆಯಿಂದ ಗಿರಿಯಮ್ಮ, ಹತ್ತೊಂಬತ್ತು ತುಂಬಿದರೂ ನಾಲ್ಕು ಮಾತು ಬಾರದ ನನ್ನ ಮಗಳು, ಮತ್ತೆ ಪಡಸಾಲೆಯ ಕಂಬಕ್ಕೆ, ಹಗ್ಗಕ್ಕೆ. ಬೆಳಿಗ್ಗೆ ಕೇಳಿಯೂ ನೋಡಿದೆ, ಒಂದು ದಿನ ಮಾಫ್ ಮಾಡು ಕನಕಮ್ಮಾ, ಕಾಲು ನೋಡಿಲ್ಲಿ. ಅವಳು ತಲೆಗೆ ಟವೆಲು ಸುತ್ತಿಕೊಳ್ಳುತ್ತ ಅಂದಳು, ಮಾಫ್ ಮಾಡಿದ್ರ ಅದು ಮುಯ್ಯಲ್ಲ ಬೇ, ಭಿಕ್ಷಾ. ಭಿಕ್ಷಾ ಬೇಕೇನು ನಿನಗ? ಬೇಡ, ಅದಂತೂ ಬೇಡ, ಆದರೆ ಕಳೆ ತೆಗೆದ ಸಾಲುಗಳ ನಡುವೆ ನನ್ನ ಪಾಲಿನ ಸಾಲು ಕಳೆ ತುಂಬಿಕೊಂಡು ಹಾಗೇ ನಿಂತಿದೆ, ಬಾರದವಳ ಸಾಲನ್ನು ಇನ್ನೊಬ್ಬಳು ಮುಟ್ಟುವುದಿಲ್ಲ, ಊರ ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ.

ಹಗ್ಗ ಬಿಡಿಸಿದ್ದು ತೊಂಬತ್ತೆರಡರಲ್ಲಿ, ಮಸ್ಕಿಯಲ್ಲಿ, ಸಂತೆಯ ದಿನ, ಲಿಂಗಸುಗೂರಿನಿಂದ ಬಸ್ಸಿಗೆ ಬಂದ ಸಂಘದ ಕರೀಮಾಬಿ ನಮ್ಮಂಥ ತಾಯಂದಿರನ್ನು ಶಾಲೆಯ ಕಟ್ಟೆಯ ಮೇಲೆ ಕೂಡಿಸಿ ಅಂದಳು, ಅಕ್ಕಾರೆ, ಮಕ್ಕಳನ್ನ ಕಟ್ಟಿ ಹಾಕಬ್ಯಾಡ್ರಿ, ನನ್ನ ತಮ್ಮನೂ ಹಿಂಗ ಅದಾನ, ಅವರಿಗೂ ಹಕ್ಕು ಅದ. ನನಗೆ ಮೈ ಉರಿಯಿತು, ಹಗ್ಗ ಬಿಟ್ರ ಬಾವಿಗೆ ಹೊಕ್ಕಾಳ, ನಾ ಹೊಲಕ್ಕ ಹೋಗದಿದ್ರ ತಿನ್ನೂದೇನು, ನೀ ಬಂದು ಕಾಯ್ತೀಯೇನವ್ವಾ? ಉತ್ತರ ಹಿಂದಿನಿಂದ ಬಂತು, ಕುತ್ತಿಗೆ ನಿಲ್ಲದ ಮಗ ಗ್ಯಾನಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಕನಕಮ್ಮನಿಂದ, ಕಳಿ ತಗ್ಯಾಕ ಮುಯ್ಯಿ ಮಾಡ್ತೀವಿ, ಕೂಸು ನೋಡಾಕ ಯಾಕ ಬ್ಯಾಡ? ಅಷ್ಟೇ, ಅಲ್ಲಿಂದ ಶುರು. ಇಂಥ ಮಕ್ಕಳಿಗೊಂದು ಶಾಲೆ ಕೊಡಿ ಎಂದು ಲಿಂಗಸುಗೂರಿನ ಕಚೇರಿಗೂ ಮಕ್ಕಳನ್ನು ಹೊತ್ತೇ ಹೋದೆವು, ಸಾಹೇಬರು ನೋಡೋಣ ಅಂದರು, ಇನ್ನೂ ನೋಡುತ್ತಲೇ ಇದ್ದಾರೆ. ಈ ಬೇವಿನ ನೆರಳು ಮಾತ್ರ ನಮ್ಮದಾಯಿತು, ಆಳುಗಳು ನಾವು, ನೋಡಿಸಿಕೊಳ್ಳುವವರು ಮಕ್ಕಳು, ಲೆಕ್ಕ ನೆಟ್ಟಗಿತ್ತು — ಗಿರಿಯಮ್ಮ ಎಲ್ಲಿ?

ಈಗಷ್ಟೇ ಇಲ್ಲಿ ಕೂತಿದ್ದಳು, ಜಂಬಮ್ಮ ಗ್ಯಾನಪ್ಪನಿಗೆ ನೀರು ಕುಡಿಸುತ್ತಿದ್ದಾಳೆ, ಬಾವಿ, ಬಾವಿಯ ಕಡೆ ಯಾರೂ ಇಲ್ಲ, ಅಲ್ಲಿ, ಅಗೋ, ಸಜ್ಜೆಯ ನಡುವೆ ತಲೆ ತೂಗಿಕೊಂಡು ನಡೆಯುತ್ತಿದ್ದಾಳೆ, ನನ್ನ ಖಾಲಿ ಸಾಲಿನ ಮುಂದೆ ನಿಂತಳು, ಕೂತಳು, ಕೈ ಹಾಕಿದಳು. ಹಿಡೀರೇ ಆಕಿನ್ನ, ಬೆಳಿ ಕೀಳ್ತಾಳ! ಕೂಗುತ್ತ ಎದ್ದೆ, ಊದಿದ ಕಾಲು ನಿಲ್ಲಲಿಲ್ಲ. ಕಿತ್ತರ ಕೀಳ್ತಾಳ ತಗಿ, ಕನಕಮ್ಮ ಕೂಗಿದಳು, ಹೋದ ವಾರ ನಿನ್ನ ಹೊಲದಾಗ ನಾ ಎಷ್ಟು ಸಜ್ಜಿ ಕಿತ್ತೀನಿ ಹೇಳ್ಲೇನು? ಹೆಂಗಸರೆಲ್ಲ ನಕ್ಕರು, ಸುಮ್ನ ಕೂಡ ಬೇ ಕಾಲು ಬಾತಾಕಿ. ಎಲಿ ಕೊಯ್ತಾವ, ಆಕಿಗೊಂದು ಅಂಗಿ ಹಾಕ್ರೇ, ಇದು ಜಂಬಮ್ಮ, ಬೇವಿನ ಟೊಂಗೆಗೆ ತೂಗುಹಾಕಿದ್ದ, ಕನಕಮ್ಮನ ಗಂಡ ದ್ಯಾವಪ್ಪನ ತುಂಬುತೋಳಿನ ಹಳೆ ಅಂಗಿಯನ್ನು ಎಸೆದಳು, ಹೊಲದಲ್ಲಿ ಎಲ್ಲರೂ ಸೀರೆಯ ಮೇಲೆ ಗಂಡಂದಿರ ಅಂಗಿ ತೊಟ್ಟವರೇ, ಕನಕಮ್ಮ ತನ್ನ ಗಂಡನ ಅಂಗಿಯನ್ನು ನನ್ನ ಮಗಳಿಗೆ ತೊಡಿಸಿ ಗುಂಡಿ ಹಾಕಿದಳು, ತಲೆಗೆ ಟವೆಲು ಸುತ್ತಿದಳು, ಅವಳ ಕೈ ಹಿಡಿದು ಒಂದು ಸಜ್ಜೆ, ಒಂದು ಹುಲ್ಲು ಮುಟ್ಟಿಸಿದಳು, ಇದು ಇರ್ಲಿ, ಇದು ಬರ್ಲಿ. ಬರ್ಲಿ, ಅಂದಳು ಗಿರಿಯಮ್ಮ. ನನಗೆ ಕೇಳಿಸಿತು. ಬರ್ಲಿ, ಬರ್ಲಿ, ಹುಲ್ಲು ಬುಡಸಮೇತ ಮೇಲೆ ಬಂತು, ಅವಳೇ ಬೆರಗಾಗಿ ಅದನ್ನು ನೋಡಿದಳು, ನಾನು ಅವಳನ್ನು, ಹತ್ತೊಂಬತ್ತು ವರ್ಷ ಈ ಕೈ ತುತ್ತಿಗಾಗಿ ಚಾಚಿದ್ದು ನೋಡಿದ್ದೇನೆ, ಹಗ್ಗದ ಗಂಟಿನ ಮೇಲೆ ಒದ್ದಾಡಿದ್ದು ನೋಡಿದ್ದೇನೆ, ಈ ಕೈಗೆ ಕೆಲಸವನ್ನೂ ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ, ಕರೀಮಾಬಿಗೂ ಹೊಳೆದಿರಲಿಲ್ಲ.

ಸಾಲು ಮುಂದೆ ಸರಿಯಿತು, ನಡುನಡುವೆ ಸಜ್ಜೆಯೂ ಹೋಯಿತು, ಕನಕಮ್ಮನ ಬೈಗುಳ, ನಗು, ಬರ್ಲಿ, ದೂರವಾದವು. ಕನಕಮ್ಮಾ, ನನ್ನ ಮುಯ್ಯಿ? ಗಂಟಲು ಹರಿಯುವಂತೆ ಕೇಳಿದೆ. ನಿಂದಲ್ಲ ಬೇ, ಗಿರಿಯಮ್ಮಂದು, ನಮಗ ಮುಟ್ಟಾಕತ್ತೈತಿ, ಆಳು ತಪ್ಪಿಲ್ಲ! ಆಕಿ ಪಾಳಿ ಬಂದಾಗ ನಾವೂ ಬರ್ತೀವಿ ಅಂತ ಹೇಳು! ಆಕಿ ಪಾಳಿ — ಅವಳ ಹೆಸರಿಗೇ ಆಳು ಬರುವ ಪಾಳಿ — ಈಗ ಅವರು ಆಚೆ ಬದುವಿನ ಹತ್ತಿರ, ಅಂಗಿಗಳು, ಟವೆಲುಗಳು, ಬಾಗಿದ ಬೆನ್ನುಗಳು, ಯಾವ ಜನಜಾತ್ರೆಯಲ್ಲೂ ನನಗೆ ಮೊದಲು ಕಾಣುತ್ತಿದ್ದವಳು, ಆ ಅಂಚಿನದೇ, ಅಲ್ಲ, ಅದರ ಪಕ್ಕದ್ದು, ಅದೂ ಅಲ್ಲ, ಕಣ್ಣು ಕಿರಿದು ಮಾಡಿದರೂ, ಬಾಗಿದ ಬೆನ್ನುಗಳು, ಒಂದೇ ಥರ, ಬಾಗಿದ ಬೆನ್ನುಗಳು, ಅದರಲ್ಲಿ ನನ್ನ ಮಗಳದು ಯಾವುದು —