ನಲವತ್ತೆರಡನೆಯ ನಕ್ಷತ್ರ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಅಪಘಾತವಾದ ರೈಲುಗಳ ಚಾಲಕನ ಕೋಣೆಯಲ್ಲಿ ದಾಖಲಾದ ಧ್ವನಿಯನ್ನು ಕೇಳಿ, ಮಾತಿಗೆ ಮಾತು, ಕೆಮ್ಮಿಗೆ ಕೆಮ್ಮು ಬರೆದಿಡುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಸತ್ತವರ ದನಿ ಕೇಳಿ ಕೇಳಿ ಅವಳ ಎದೆ ಕಲ್ಲಾಗಿಬಿಟ್ಟಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕಲ್ಲಂತೆ, ಮಣ್ಣಂತೆ. ಎದೆ ಕಲ್ಲಾಗಿದ್ದವಳು ಗಂಡ ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಮೂರು ಸಲ ಫೋನು ಮಾಡುತ್ತಾಳೆಯೇ?

ಆ ಕೆಲಸಕ್ಕೆ ಕೆಲವು ಕಟ್ಟುಪಾಡುಗಳಿದ್ದವು. ಬೈಗುಳ ಬಂದ ಕಡೆ ಅದನ್ನು ಬರೆಯುವಂತಿಲ್ಲ, ಒಂದು ನಕ್ಷತ್ರ ಹಾಕಿ ಮುಂದೆ ಹೋಗಬೇಕು. ಪುಟದ ಕೆಳಗೆ ಸಣ್ಣಕ್ಷರದಲ್ಲಿ ‘ನಕ್ಷತ್ರ ಗುರುತು: ಬೈಗುಳ’ ಎಂದಿರುತ್ತದೆ. ಹೊರಗಿನವರು ಯಾರೇ ಇರಲಿ, ಹೆತ್ತವರಾಗಲಿ ಕಟ್ಟಿಕೊಂಡವರಾಗಲಿ, ಧ್ವನಿ ಕೇಳುವಂತಿಲ್ಲ. ಯಾವುದೇ ಮಾತಿನ ಬಗ್ಗೆ ಸಂಶಯ ಬಂದರೆ ಇಬ್ಬರು ಕೇಳಬೇಕು. ಕೇಳಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಅದೇ ಏರಿಳಿತ, ಅದೇ ಬಿಡುವು ಹಿಡಿದು ಬಾಯಲ್ಲಿ ಆಡಿ ತೋರಿಸಬೇಕು. ಕಿವಿ ಮೋಸ ಹೋದರೆ ನಾಲಿಗೆ ಹಿಡಿದುಕೊಡುತ್ತದೆ ಅನ್ನುವುದು ಅವರ ಲೆಕ್ಕ. ಈ ಆಡಿ ತೋರಿಸುವುದರಲ್ಲಿ ಕಿವಿಯಮ್ಮನದು ಎತ್ತಿದ ಕೈ. ಮುದುಕ, ಹುಡುಗ, ನೆಗಡಿಯಾದವನು, ಯಾರೇ ಆಗಲಿ ಹಾಗೇ ಅವಳ ಬಾಯಲ್ಲಿ ಬಂದು ಕೂರುತ್ತಿದ್ದರು.

ಆ ಮಂಗಳವಾರ ಹತ್ತು ಗಂಟೆಗೆ, ಅವಳಿನ್ನೂ ಕುರ್ಚಿಯ ಮೇಲೆ ಸರಿಯಾಗಿ ಕೂತಿರಲಿಲ್ಲ, ಚಾಲಕನ ತಾಯಿ ಬಂದಳು.

ತಿಂಗಳ ಹಿಂದೆ ರೈಲು ಒಂದು ತಿರುವು ದಾಟಿದೊಡನೆ ಹಳಿಯ ಮೇಲೆ ಕಲ್ಲು ತುಂಬಿದ ಲಾರಿ ಸಿಕ್ಕಿಕೊಂಡು ನಿಂತಿತ್ತು. ಪ್ರಯಾಣಿಕರೆಲ್ಲ ತರಚು ಗಾಯದಲ್ಲಿ ಪಾರಾದರು, ಚಾಲಕನ ಸಹಾಯಕನ ಕಾಲು ಮುರಿಯಿತು, ಚಾಲಕ ಮಾತ್ರ ಉಳಿಯಲಿಲ್ಲ. ಆ ದಾಖಲೆಯ ಕರಡು ಪ್ರತಿಯೊಂದನ್ನು ರೂಢಿಯಂತೆ ಮನೆಯವರಿಗೆ ಕಳಿಸಿದ್ದರು, ಹೆಸರು ವಯಸ್ಸು ಸರಿಯಿದೆಯೇ ನೋಡಿಕೊಳ್ಳಲಿ ಎಂದು. ತಾಯಿ ಬಟ್ಟೆ ಹೊಲಿದು ಬದುಕಿದವಳು. ಬಲಗೈ ಹೆಬ್ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ನಾಲ್ಕು ಮಡಿಕೆ ಮಾಡಿದ್ದ ಕರಡನ್ನು ಮೇಜಿನ ಮೇಲೆ ಬಿಚ್ಚಿ, ಕೊನೆಯ ಪುಟದ ಕೊನೆಯ ಸಾಲನ್ನು ತೋರಿಸಿದಳು. ಅಲ್ಲಿದ್ದ ನಕ್ಷತ್ರದ ಪಕ್ಕಕ್ಕೆ ಒಂದು ಗುಂಡುಸೂಜಿ ಚುಚ್ಚಿದ್ದಳು.

“ಇದರ ಕೆಳಗೆ ಏನಿದೆ ಅಂತ ಹೇಳಮ್ಮ. ಅಷ್ಟೇ ಸಾಕು,” ಎಂದಳು.

ಕಿವಿಯಮ್ಮ ನಿಯಮ ಹೇಳಿದಳು. ತಾಯಿ ಕೇಳಿಸಿಕೊಂಡಳು, ವಾದ ಮಾಡಲಿಲ್ಲ. ಕೂತಲ್ಲೇ ತನ್ನ ಕತೆ ಹೇಳಿದಳು. ಮಗ ಒಳ್ಳೆಯವನೇ, ಬಾಯಿ ಮಾತ್ರ ಹೊಲಸು. ಬೇರೆ ಬೈಗುಳವಾಗಿದ್ದರೆ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಅವನು ಚಪ್ಪಲಿಯ ಬಾರು ಕಿತ್ತರೂ, ಬಸ್ಸು ತಪ್ಪಿದರೂ ಯೇಸುವಿನ ಹೆಸರೆತ್ತಿ ಉಗಿಯುತ್ತಿದ್ದ. ಮಾತೆ ಮರಿಯಳನ್ನೂ ಬಿಡುತ್ತಿರಲಿಲ್ಲ. ಆಕೆ ಮಂಡಿಯೂರಿ ಯಾರ ಹೆಸರು ಹೇಳುತ್ತಾಳೋ ಅದೇ ಹೆಸರನ್ನು ಅವನು ಪಕ್ಕದ ಕೋಣೆಯಲ್ಲಿ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯ ಮೇಲೆ ಉಗುಳುತ್ತಿದ್ದ. ಎಂಟು ತಿಂಗಳ ಹಿಂದೆ ಆಕೆಗೆ ತಡೆಯಲಾಗಲಿಲ್ಲ. ಆ ಹೆಸರನ್ನು ಹಾಗೆ ಎಳೆದಾಡುವ ಬಾಯಿಗೆ ನನ್ನ ಮನೆಯಲ್ಲಿ ಊಟವಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಅವನೂ ಅವಳ ಮಗನೇ ತಾನೆ, ಹಟಕ್ಕೆ ಬಿದ್ದ. ಮತ್ತೆ ಬರಲೇ ಇಲ್ಲ.

“ಬೈದು ಸತ್ತಿದ್ರೆ ನಾನು ಹೇಳಿದ್ದು ಸರಿಯಾಯ್ತು ಅಂತ ಆಗುತ್ತೆ. ಯೇಸುವನ್ನ ಕರೆದು ಸತ್ತಿದ್ರೆ ನಾನು ಬಾಗಿಲು ಹಾಕಿದ್ದು ತಪ್ಪಾಯ್ತು ಅಂತ ಆಗುತ್ತೆ,” ಎಂದಳು ತಾಯಿ. “ಎರಡರಲ್ಲಿ ಯಾವುದಾದ್ರೂ ಸರಿ, ಹೊರ್ತೀನಿ. ಗೊತ್ತಿಲ್ಲದೆ ಇರೋದನ್ನ ಹೊರಕ್ಕಾಗ್ತಿಲ್ಲ.”

ಕಿವಿಯಮ್ಮ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಬಂದಳು. ಹನ್ನೆರಡು ಗಂಟೆಗೆ ದಾಖಲೆಗೆ ಮೊಹರು ಬೀಳಬೇಕು. ಒಮ್ಮೆ ಬಿತ್ತೆಂದರೆ ಮುಗಿಯಿತು, ಅಲ್ಲಿರುವ ಒಂದು ಚುಕ್ಕೆಯನ್ನೂ ಅಲುಗಿಸುವಂತಿಲ್ಲ. ಮೇಜಿನ ಖಾನೆಯಲ್ಲಿದ್ದ, ಧ್ವನಿ ಕೇಳುವ ಕಿವಿಗವಸು ತೆಗೆಯಲು ಹೋದಳು. ಆ ದರಿದ್ರ ಖಾನೆ ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡು ಬೆರಳನ್ನು ಕಚ್ಚಿತು. ಬಾಯಿಂದ ಅದೇ ಹೆಸರು ಹಾರಿಬಂತು. ಅರ್ಧ ಆಡಿ ನಾಲಿಗೆ ಕಚ್ಚಿಕೊಂಡಳು.

ಅವಳೇನು ಆ ಮತದವಳಲ್ಲ. ಆ ಪ್ರಾರ್ಥನಾಮಂದಿರದ ಮೆಟ್ಟಿಲನ್ನೂ ತುಳಿದವಳಲ್ಲ. ಹಾಗಿದ್ದರೆ ಇದು ತನ್ನ ಬಾಯಿಗೆ ಎಲ್ಲಿಂದ ಬಂತು? ಸಿನಿಮಾದಿಂದ ಬಂದಿರಬೇಕು, ಪಕ್ಕದ ಮೇಜಿನವನಿಂದ ಬಂದಿರಬೇಕು, ನೆಗಡಿಯ ಹಾಗೆ ಯಾರಿಂದಲೋ ತಗುಲಿರಬೇಕು. ಬೆರಳು ಜಜ್ಜಿದಾಗ ಯಾರೂ ತಮ್ಮ ಸೋದರಮಾವನ ಹೆಸರು ಕೂಗುವುದಿಲ್ಲವಲ್ಲ. ಆ ಹೊತ್ತಿಗೆ ಬಾಯಿಗೆ ಭಾರವಾದದ್ದೇ ಬೇಕು. ಯಾವುದನ್ನು ಮುಟ್ಟಬೇಡ ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದರೋ ಅದನ್ನೇ ಮುಟ್ಟಿದರೆ ಸಿಟ್ಟಿಗೆ ಸಮಾಧಾನ. ಯಾರೂ ನಂಬದ ಹೆಸರಾಗಿದ್ದರೆ ಅದರಿಂದ ಬೈದು ಏನು ಸುಖ? ಹತ್ತೊಂಬತ್ತು ವರ್ಷ ಬೈಗುಳಗಳ ಮೇಲೆ ನಕ್ಷತ್ರ ಅಂಟಿಸಿದವಳಿಗೆ ಇದು ಈವತ್ತು ಹೊಳೆಯಿತಲ್ಲ, ಅದಕ್ಕೇನು ಹೇಳೋಣ.

ಎರಡು ಗಂಟೆ ಉದ್ದದ ದಾಖಲೆ, ಹಿಂದೆಯೇ ಕೇಳಿ ಬರೆದು ಮುಗಿಸಿದ್ದು. ಚಾಲಕನ ಬಾಯಿ ನಿಜಕ್ಕೂ ಹರಿಯುವ ನಲ್ಲಿಯೇ. ಚಹಾ ಚೆಲ್ಲಿತು, ಯೇಸುವೇ. ಗಾಜು ಒರೆಸುವ ಕಡ್ಡಿ ನಿಂತಿತು, ಯೇಸುವೇ. ಸಹಾಯಕ ಸೀನಿದ, ಅದಕ್ಕೂ ಯೇಸುವೇ. ಮಾತೆ ಮರಿಯಳ ಪಾಲಿಗೆ ಏಳು ಸಲ ಬಂದಿತ್ತು. ಒಟ್ಟು ನಲವತ್ತೊಂದು. ಎಣಿಸಿ ಎಣಿಸಿ ನಕ್ಷತ್ರ ಹಾಕಿದ್ದಳು. ಅದರ ಮೇಲೆ ನಲವತ್ತೆರಡನೆಯದು, ಕೊನೆಯದು, ಬಂದಾಗ ಕಿವಿಗಿಂತ ಮೊದಲು ಬೆರಳು ಹೋಗಿ ನಕ್ಷತ್ರ ಒತ್ತಿತ್ತು. ಅದನ್ನು ತಾನು ಕೇಳಿಯೇ ಇರಲಿಲ್ಲವೆಂದು ಈಗ ಅವಳಿಗೆ ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವಳು ಕಣ್ಣು ಮುಚ್ಚಿ ಕೇಳಿದಳು. ಬ್ರೇಕಿನ ಹಿಡಿ ಪೂರ್ತಿ ಎಳೆದ ಸದ್ದು. “ಹಿಂದಕ್ಕೆ ಓಡು,” ಎಂದು ಸಹಾಯಕನಿಗೆ ಹೇಳಿದ ದನಿ. ಬಾಗಿಲು ಬಡಿದುಕೊಂಡಿತು. ಹಾರ್ನು ಹಿಡಿದ ಕೈ ಬಿಡಲೇ ಇಲ್ಲ. ಆ ಹಾರ್ನಿನ ಅಡಿಯಲ್ಲಿ, ಮಾಡಬೇಕಾದ್ದೆಲ್ಲ ಮಾಡಿ ಮುಗಿದ ಮೇಲೆ, ಆ ಒಂದು ಹೆಸರು. ಉಳಿದ ನಲವತ್ತೊಂದು ಸಲವೂ ಹೆಸರಿನ ಬೆನ್ನಿಗೆ ಒಂದು ದೂರು ಬಂದಿತ್ತು: ಈ ಹಾಳು ಕಡ್ಡಿ, ಈ ಸುಡುಗಾಡು ಚಹಾ. ಇಲ್ಲಿ ಬೆನ್ನಿಗೆ ಏನೂ ಇರಲಿಲ್ಲ.

ಹನ್ನೊಂದೂವರೆಗೆ ಅವಳು ತಾಯಿ ತಂದ ಕರಡನ್ನೂ ಹಿಡಿದು ಮುಖ್ಯಸ್ಥನ ಕೋಣೆಗೆ ಹೋದಳು. ಮುಖ್ಯಸ್ಥನನ್ನು ಎಲ್ಲರೂ ಬೆನ್ನ ಹಿಂದೆ ಕಾನೂನಪ್ಪ ಅನ್ನುತ್ತಿದ್ದರು. ಧ್ವನಿ ಕೇಳುವಾಗ ಬಾಗಿಲು ಮುಚ್ಚಿರಬೇಕು ಎಂಬ ನಿಯಮ ಮಾಡಿದವನೂ ಅವನೇ, ಅದು ಮುಚ್ಚಿದೆಯೇ ಎಂದು ಎರಡೆರಡು ಸಲ ಎಳೆದು ನೋಡುತ್ತಿದ್ದವನೂ ಅವನೇ. ಹಿಂದೊಬ್ಬಳು ಮರುಕಕ್ಕೆ ಬಿದ್ದು ವಿಧವೆಯೊಬ್ಬಳಿಗೆ ಅರ್ಧ ನಿಮಿಷದ ಧ್ವನಿ ಕೇಳಿಸಿದ್ದಕ್ಕೆ ಅವಳನ್ನು ಅಂದೇ ಮನೆಗೆ ಕಳಿಸಿದ್ದ. ಕಿವಿಯಮ್ಮ ಹೇಳಿದ್ದನ್ನೆಲ್ಲ ಅವನು ಪೆನ್ನಿನ ಮುಚ್ಚಳ ತಿರುವುತ್ತಾ ಕೇಳಿದ.

“ನಲವತ್ತೊಂದು ಸಲ ಬೈಗುಳ ಆಗಿದ್ದದ್ದು ನಲವತ್ತೆರಡನೇ ಸಲ ಪ್ರಾರ್ಥನೆ ಹೇಗಾಗುತ್ತೆ?” ಎಂದ. “ತಾಯಿ ಬಂದು ಬಾಗಿಲಲ್ಲಿ ಕೂತಳು ಅಂತಲಾ?”

ಇದೇ ಪ್ರಶ್ನೆಯನ್ನು ಅವಳೂ ಅರ್ಧ ಗಂಟೆಯಿಂದ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. “ನನ್ನ ಭಯಾನೂ ಅದೇ ಸಾರ್. ಕನಿಕರಕ್ಕೆ ಹಾಗೆ ಕೇಳಿಸ್ತಿದೆಯೋ ಏನೋ. ನೀವೂ ಕೇಳಿ,” ಎಂದಳು.

ಅವನು ಕಿವಿಗವಸು ಹಾಕಿಕೊಂಡ. ಒಂದು ಸಲ ಕೇಳಿದ. ಎರಡನೆಯ ಸಲ ಕೇಳಿದ. ಗೋಡೆಯ ಗಡಿಯಾರ ಹನ್ನೊಂದು ನಲವತ್ತು ದಾಟಿತು. ಮೂರನೆಯ ಸಲ ಕೇಳುವಾಗ ಪೆನ್ನಿನ ಮುಚ್ಚಳ ತಿರುವುವುದು ನಿಂತಿತ್ತು. ಮುಖದಲ್ಲಿ ಮಾತ್ರ ಏನೂ ಇಲ್ಲ, ಬರೀ ಬಿಳಿ ಗೋಡೆ. ಕಿವಿಯಮ್ಮನಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು, ಮಾತಾಡಯ್ಯ ಪುಣ್ಯಾತ್ಮ ಎಂದು.

“ಆಡಿ ತೋರಿಸಬೇಕಲ್ಲ,” ಎಂದ ಕೊನೆಗೆ. ಎದ್ದು ಹೋಗಿ, ಕೋಣೆಯೊಳಗೆ ಬಹಳ ಸೆಕೆ ಎಂದು ಗೊಣಗಿಕೊಂಡು ಬಾಗಿಲನ್ನು ಅಗಲಕ್ಕೆ ತೆರೆದ. ಹತ್ತೊಂಬತ್ತು ವರ್ಷದಲ್ಲಿ ಆ ಬಾಗಿಲು ಕೆಲಸದ ಹೊತ್ತಿನಲ್ಲಿ ತೆರೆದಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಹೊರಗೆ ತಾಯಿ ಕೂತಿದ್ದ ಬೆಂಚು ಮೂರು ಮಾರು ದೂರದಲ್ಲಿತ್ತು. ಹೊರಗಿನವರು ಧ್ವನಿ ಕೇಳಬಾರದು ಎಂದಷ್ಟೇ ನಿಯಮ, ಕಿವಿಯಮ್ಮನ ಬಾಯಿಯ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ.

“ಮೊದಲು ಇಪ್ಪತ್ತಾರನೆಯದು,” ಎಂದ. “ಹೋಲಿಸಿ ನೋಡಬೇಕು.”

ಇಪ್ಪತ್ತಾರು ಅಂದರೆ ಚಹಾ ಚೆಲ್ಲಿದ್ದು. ಅದು ಸಲೀಸು. ಅವಳು ಆಡಿದಳು: ಮೋಟಾದ, ಒದೆಯುವಂಥ “ಯೇಸುವೇ”, ಅದರ ಬೆನ್ನಿಗೇ ಸುಡುಗಾಡು ಚಹಾ, ತೊಡೆ ಬೆಂದುಹೋಯ್ತು. ಹೊರಗಿನಿಂದ ಒಂದು ಸದ್ದು ಬಂತು. ನಗುವೋ ಬಿಕ್ಕೋ, ಇಂಥದ್ದರಲ್ಲೇ ಬದುಕು ಸವೆಸಿದ ಕಿವಿಯಮ್ಮನಿಗೂ ಗೊತ್ತಾಗಲಿಲ್ಲ. ತಾಯಿ ಎಂಟು ತಿಂಗಳ ಮೇಲೆ ಮಗನ ಬೈಗುಳ ಕೇಳಿದ್ದಳು.

“ಈಗ ಕೊನೆಯದು,” ಎಂದ ಮುಖ್ಯಸ್ಥ.

ಅವಳು ಬಾಯಿ ತೆರೆದಳು. ದಿನಕ್ಕೆ ಹತ್ತು ಸಲ ಖಾನೆಯ ಮೇಲೆ ಎಸೆದ ಹೆಸರು ಈಗ ನಾಲಿಗೆ ಮೇಲೆ ಏಳಲೊಲ್ಲದು. ತಪ್ಪಿ ಒಂದಿಷ್ಟು ಮೆತ್ತಗೆ ಆಡಿದರೆ ಸುಳ್ಳು ಸಾಂತ್ವನ ಕೊಟ್ಟಂತೆ. ಒಂದಿಷ್ಟು ಗಡುಸಾದರೆ ಸತ್ತವನ ಬಾಯಿಗೆ ಬೈಗುಳ ತುರುಕಿದಂತೆ. ಅವಳು ಕಣ್ಣು ಮುಚ್ಚಿ ಹಾರ್ನಿನ ಸದ್ದನ್ನು ನೆನೆದುಕೊಂಡಳು, ಆ ಸದ್ದಿನ ಕೆಳಗೆ ಅವನು ಎಳೆದುಕೊಂಡ ಉಸಿರನ್ನು ಎಳೆದುಕೊಂಡಳು, ಅವನು ಬಿಟ್ಟಷ್ಟೇ ಬಿಡುವು ಬಿಟ್ಟು ಆಡಿದಳು.

“ಯೇಸುವೇ.”

ಹೊರಗೆ ಬೆಂಚು ಕಿರುಗುಟ್ಟಿತು. ತಾಯಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಇನ್ನೊಂದ್ಸಲ ಹೇಳಮ್ಮ,” ಎಂದಳು.

ಕಿವಿಯಮ್ಮ ಮುಖ್ಯಸ್ಥನ ಕಡೆ ನೋಡಿದಳು. ಅವನು ಕಿಟಕಿಯಾಚೆ ಏನನ್ನೋ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಎದುರಿನ ಕಟ್ಟಡದ ನೀರಿನ ಕೊಳವೆ ಬಿಟ್ಟರೆ. ಅವಳು ಇನ್ನೊಂದು ಸಲ ಆಡಿದಳು, ಮೊದಲಿನಂತೆಯೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ.

ತಾಯಿ ಕೆಳಗೆ ನೋಡುತ್ತಾ ಹೇಳಿದಳು, “ಚಿಕ್ಕವನಿದ್ದಾಗ ಕೆಟ್ಟ ಕನಸು ಬಿದ್ದು ಎದ್ರೆ ನನ್ನ ಹೀಗೇ ಕರೀತಿದ್ದ. ಕಿರುಚ್ತಿರಲಿಲ್ಲ. ಪಕ್ಕದ ಕೋಣೇಲಿ ಇದಾಳೆ, ಬರ್ತಾಳೆ ಅಂತ ಗೊತ್ತಿದ್ದು ಕರೆಯೋ ಹಾಗೆ.”

ಕಿವಿಯಮ್ಮ ಅತ್ತಳು. ಕಚೇರಿಯಲ್ಲಿ ಅತ್ತದ್ದು ಅದೇ ಮೊದಲು, ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

“ನಕ್ಷತ್ರ ತೆಗೀರಿ,” ಎಂದ ಮುಖ್ಯಸ್ಥ ಕಿಟಕಿಯತ್ತಲೇ ಮುಖ ಮಾಡಿ. “ಹತ್ತು ನಿಮಿಷ ಇದೆ. ನಾನು ಸಹಿ ಹಾಕ್ತೀನಿ.”

ಅವಳು ಅಲ್ಲೇ ಮುಖ್ಯಸ್ಥನ ಗಣಕದ ಮುಂದೆ ಕೂತು ಕೊನೆಯ ಪುಟ ತೆರೆದು ನಕ್ಷತ್ರ ಅಳಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಹೆಸರನ್ನು ಅವಳು ಅಕ್ಷರದಲ್ಲಿ ಬರೆದೇ ಇರಲಿಲ್ಲ. ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು. ತಾಯಿ ಬಂದು ಅವಳ ಹೆಗಲ ಹಿಂದೆ ನಿಂತು ಓದಿದಳು. ಮೇಲಿನ ಪುಟಗಳಲ್ಲಿ ಉಳಿದವೂ ಇವೆಯಲ್ಲ, ಅವೇನು ಎಂದು ಕೇಳಿದಳು. ಅವು ಬೈಗುಳವೇ ಅಮ್ಮ ಎಂದಳು ಕಿವಿಯಮ್ಮ, ಸುಳ್ಳು ಹೇಳಲು ಮನಸ್ಸಾಗದೆ.

“ಇರ್ಲಿ ಬಿಡು. ಅವೂ ಅವನವೇ,” ಎಂದಳು ತಾಯಿ.

ಮೇಜಿನ ಮೇಲಿದ್ದ ಕರಡಿನಿಂದ ಗುಂಡುಸೂಜಿ ಕಿತ್ತು ತನ್ನ ಸೆರಗಿಗೆ ಚುಚ್ಚಿಕೊಂಡಳು. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ತೆರೆದಿದ್ದ ಆ ಬಾಗಿಲನ್ನು ಒಂದು ಸಲ ಕೈಯಿಂದ ಮುಟ್ಟಿದಳು.

“ನಾನು ಬಾಗಿಲು ಹಾಕಿದ್ದೆ,” ಎಂದಳು. “ಹಾಕದೆ ಇದ್ದವರನ್ನ ಕರೆದ.”

ಅವಳು ಮೆಟ್ಟಿಲಿಳಿದು ಹೋಗುವ ಸದ್ದು ಕೆಳಗಿನ ಅಂತಸ್ತಿನವರೆಗೂ ಕಿವಿಯಮ್ಮನಿಗೆ ಕೇಳಿಸಿತು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಮುಖ್ಯಸ್ಥ ಸಹಿ ಹಾಕಿದ.