ನಗುವ ಅಡುಗೆಯವನು

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಊರಿನ ಕನ್ನಡದವರನ್ನು ಕೇಳಿ ನೋಡಿ ಸ್ವಾಮೀ, ನಮ್ಮ ದುಷ್ಯಂತನ ಹಾಗೆ ಡೈಲಾಗ್ ಹೊಡೆಯುವ ಗಂಡು ಇನ್ನೊಬ್ಬನಿಲ್ಲ. ಒಂದೇ ಮಾತಿಗೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನ ಶಾಲೆಯೊಂದರ ಪುಸ್ತಕ ಸಮಿತಿಯನ್ನೇ ಮಲಗಿಸಿದವನು! ಕೇಳಿಲ್ಲವೇ? ಈಗ ಕೇಳಿ.

2016ರ ಜನವರಿ. ಮಕ್ಕಳ ಪುಸ್ತಕಗಳನ್ನು ಓದಿ, ತರಗತಿಗೆ ಬೇಕೋ ಬೇಡವೋ ಎಂದು ಹೇಳುವ ಪಾಲಕರ ಸಮಿತಿ ಅದು. ಹೋಗಬೇಕಾಗಿದ್ದವಳು ಅವನ ಅಕ್ಕ ಶ್ರೀವಿದ್ಯಾ. ಅವಳಿಗೆ ಆಫೀಸು. ಕಾಲೇಜಿಗೆ ಚಕ್ಕರ್ ಹೊಡೆದು ಸೋಫಾದ ಮೇಲೆ ಬಿದ್ದಿದ್ದ ತಮ್ಮನನ್ನು ಅಟ್ಟಿದಳು.

ಪುಸ್ತಕದ ಕಥೆ ಅಮೆರಿಕ ಹೊಸದಾಗಿ ದೇಶವಾದ ಕಾಲದ್ದು. ದೊಡ್ಡ ಯಜಮಾನನ ಮನೆಯ ಕಪ್ಪು ಗುಲಾಮ ಅಡುಗೆಯವನು ಬ್ರೆಡ್ ಮಾಡುತ್ತಾನೆ, ಪುಟಪುಟದಲ್ಲೂ ಹಲ್ಲು ಬಿಡುತ್ತಾನೆ. ಸಮಿತಿ ಒಪ್ಪಿದರೆ ಎರಡನೇ ಕ್ಲಾಸಿನವರು ಅದನ್ನೇ ನಾಟಕ ಆಡುತ್ತಾರೆ. ಅಡುಗೆಯವನ ಪಾರ್ಟು ಯಾರಿಗೆ? ಕ್ಲಾಸಿನಲ್ಲಿದ್ದ ಒಬ್ಬಳೇ ಕಪ್ಪು ಹುಡುಗಿ ಇಮಾನಿಗೆ. ಅಕ್ಕನ ಮಗಳು ಸೌಂದರ್ಯಾಳ ಜೀವದ ಗೆಳತಿ ಅವಳು.

"ಮಾಮಾ, ಶೀ ಕ್ರೈಡ್ ಇನ್ ದ ಬಸ್. ವಿಲ್ ಯೂ ಟೆಲ್ ದೆಮ್ ನೋ?"

"ಬರೀ ನೋ ಅಂದ್ರೆ ವಿಸಿಲ್ ಬೀಳುತ್ತೇನೇ ಪುಟ್ಟಿ? ಕೇಳು. ನಗು ಬಿಡಿಸೋಕೆ ಪೆನ್ಸಿಲ್ ಸಾಕು ಮೇಡಂ, ಅಳು ಅಳಿಸೋಕೆ ಯಾವ ರಬ್ಬರ್ ಇಟ್ಟಿದ್ದೀರಾ? ಹೆಂಗೆ?"

"ಮೊದ್ಲು ಶರ್ಟ್ ಇಸ್ತ್ರಿ ಮಾಡ್ಕೊಳ್ಳೋ, ಹೀರೋ" ಎಂದು ಅಕ್ಕ ಕಾರಿನ ಕೀ ಎಸೆದಳು.

ದಾರಿಯುದ್ದಕ್ಕೂ ಸ್ಟೀರಿಂಗ್ ಕುಟ್ಟಿ ಕುಟ್ಟಿ ರಿಹರ್ಸಲ್ ಮಾಡಿದ. ಲೈಬ್ರರಿಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತ. ಸರದಿ ಬಂತು. ಬಾಯಿ ತೆರೆಯುವಷ್ಟರಲ್ಲಿ ಸಮಿತಿಯ ಹಿರಿಯಾಕೆಯೇ ಇಂಗ್ಲಿಷಿನಲ್ಲಿ ಶುರುಮಾಡಿದರು.

"ನೀವು ಶ್ರೀವಿದ್ಯಾ ತಮ್ಮ ಅಲ್ವಾ? ಪಾಟ್‌ಲಕ್ ಊಟದಲ್ಲಿ ಅವರು ಹೇಳ್ತಿದ್ರು. ಮೈಸೂರಲ್ಲಿ ನಿಮ್ಮನೇಲಿ ದಾನಪ್ಪ ಅಂತ ಇದ್ರಂತೆ. ಕೆಲಸದವರಲ್ಲ, ಮನೆಯವರ ಥರಾನೇ, ಯಾವಾಗ್ಲೂ ನಗ್ತಾ ಇದ್ರಂತೆ. ಈ ಪುಸ್ತಕ ನಿಮಗಲ್ಲದೆ ಇನ್ಯಾರಿಗೆ ಅರ್ಥವಾಗ್ಬೇಕು?"

ದಾನಪ್ಪನ ಲೋಟ ನೆನಪಾಯಿತು. ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿರುತ್ತಿದ್ದ ಅಲ್ಯೂಮಿನಿಯಂ ಲೋಟ. ಅದನ್ನು ಅವನೇ ತೊಳೆದು ಹಿಡಿಯಬೇಕು, ತಾಗದ ಹಾಗೆ ಮನೆಯವರು ಮೇಲಿನಿಂದ ಕಾಫಿ ಸುರಿಯಬೇಕು. ಎಷ್ಟೋ ಸಲ ಸುರಿದವನು ದುಷ್ಯಂತನೇ. ಒಮ್ಮೆ ಕೈಮೇಲೆ ಚೆಲ್ಲಿದಾಗಲೂ ದಾನಪ್ಪ ನಕ್ಕಿದ್ದ.

ಆಮೇಲೆ ಹೊಡೆದ ನೋಡಿ ಡೈಲಾಗ್, ಸಮಿತಿ ಗಪ್‌ಚುಪ್, ಪುಸ್ತಕ ವಾಪಸ್! ಅವನು ಎಲ್ಲರಿಗೂ ಹೇಳಿಕೊಂಡು ತಿರುಗುವುದು ಹಾಗೆ. ನಾನೂ ಹಾಗೇ ಮುಗಿಸೋಣವೆಂದಿದ್ದೆ.

ಆದದ್ದು ಇಷ್ಟೇ. "ಹೌದು ಮೇಡಂ, ಮನೆಯವರ ಥರಾನೇ" ಎಂದ. ಪುಸ್ತಕ ಬೇಕೆಂದು ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತಿದ.

ನಾಟಕದ ದಿನ ಇಮಾನಿ ಏಪ್ರನ್ ಕಟ್ಟಿಕೊಂಡು ಬಂದಳು. ಟೀಚರ್ ಹೇಳಿಕೊಟ್ಟಷ್ಟೂ ನಕ್ಕಳು. ಚಪ್ಪಾಳೆ ಬಿತ್ತು, ವಿಸಿಲ್ಲೂ ಬಿತ್ತು. ಸೌಂದರ್ಯಾ ಮಾತ್ರ ಮಾಮನ ಪಕ್ಕದಿಂದ ಎದ್ದು ಹೋಗಿ ಬೇರೆ ಸಾಲಿನಲ್ಲಿ ಕೂತಳು.