ಒಂದು ಪುಸ್

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದೆ. ಕಾರಣ, ಒಂದು ಪುಸ್.

ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರಿಜ್ಜಿಗೋ ಏಸಿಗೋ ಗ್ಯಾಸ್ ತುಂಬುವ ಮುನ್ನ ಹೋಸ್ ಪೈಪಿನೊಳಗೆ ಗಾಳಿ ಇರುತ್ತದೆ. ಅದನ್ನು ಹೊರಗೆ ಹಾಕಲು ಹಳೆಯ ಮೆಕ್ಯಾನಿಕ್ಕುಗಳು ಸಿಲಿಂಡರಿನ ವಾಲ್ವನ್ನು ತುಸು ತೆರೆದು, ಪೈಪಿನ ಇನ್ನೊಂದು ತುದಿಯ ನಟ್ಟನ್ನು ಅರ್ಧ ಸುತ್ತು ಸಡಿಲಿಸುತ್ತಾರೆ. ಪುಸ್ ಎಂದು ಗಾಳಿ ಹೋಗುತ್ತದೆ, ಅದರ ಜೊತೆ ಒಂದಿಷ್ಟು ಗ್ಯಾಸೂ ಹೋಗುತ್ತದೆ. ಮತ್ತೆ ಬಿಗಿ. ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ.

ತರಬೇತಿಯ ಮೊದಲ ದಿನವೇ ಮೇಡಂ ಎಚ್ಚರಿಸಿದ್ದರು. "ನಿಮ್ಮ ಒಂದು ಪುಸ್ಸು ನಿಮಗೆ ಏನೂ ಅಲ್ಲ. ಆದ್ರೆ ಈ ಗ್ಯಾಸು ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯ ಬಿಸಿ ಏರಿಸುತ್ತೆ. ಪೈಪಿನ ಗಾಳೀನ ಪಂಪಿನಿಂದಲೇ ಎಳೆದು ತೆಗೀಬೇಕು. ಪರೀಕ್ಷೆಯಲ್ಲಿ ಪುಸ್ ಅಂತ ಕೇಳಿಸಿದ್ರೆ ಅಲ್ಲಿಗೇ ಮುಗೀತು. ನಾನು ವಾದ ಮಾಡಲ್ಲ." ಅಂದಿನಿಂದ ಅವರ ಹೆಸರು ಪುಸ್ ಮೇಡಂ. ಲಿಖಿತ ಪರೀಕ್ಷೆಯಲ್ಲಿ ಪುಸ್ಸಿನ ಬಗ್ಗೆ ಒಂದು ಪುಟ ಬರೆದು ಇಡೀ ತಂಡಕ್ಕೇ ಹೆಚ್ಚು ಅಂಕ ತೆಗೆದವಳು ನಾನು. ಮರುದಿನ ಅವರೆದುರು ನಿಂತು ಅದನ್ನೇ ಬಿಟ್ಟೆ. ಬಿಟ್ಟದ್ದು ನನಗೆ ಗೊತ್ತಾಗಲೂ ಇಲ್ಲ. ಅವರ ಕೈಯಲ್ಲಿದ್ದ ಲೀಕ್ ಹುಡುಕುವ ಯಂತ್ರ ಕೀಚಲು ದನಿಯಲ್ಲಿ ಕೂಗಿದಾಗಲೇ ತಿಳಿದದ್ದು.

"ನಾಲ್ಕು ಗಂಟೆಗೆ ಇನ್ನೊಂದು ಅವಕಾಶ ಇದೆ," ಎಂದರು ಮೇಡಂ. "ಅದೂ ಹೋದ್ರೆ ಮುಂದಿನ ಪರೀಕ್ಷೆ ಮೂರು ತಿಂಗಳ ಮೇಲೆ."

ನನಗೆ ಮೂರು ತಿಂಗಳಿರಲಿಲ್ಲ. ಸೋಮವಾರ ಬೆಳಗ್ಗೆ ರಕ್ತನಿಧಿಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ರಕ್ತದ ಚೀಲಗಳನ್ನು ಇಡುವ ಶೀತಲ ಕೋಣೆಗಳ ಹೊಣೆ. ಸರ್ಟಿಫಿಕೇಟ್ ತಂದರೆ ಮಾತ್ರ ಎಂದು ಪತ್ರದಲ್ಲಿ ಬರೆದಿತ್ತು. ಓದು ಮುಗಿಸಿ ಎರಡು ವರ್ಷ ಕಾದ ಮೇಲೆ ಬಂದ ಮೊದಲ ಪತ್ರ ಅದು.

ಆ ಎರಡು ವರ್ಷಗಳಲ್ಲಿ ಮೊದಲ ಆರು ತಿಂಗಳು ನಾನು ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಬಂದವರೆಲ್ಲ ಮುಂದೇನು ಎಂದು ಕೇಳುತ್ತಿದ್ದರು. ಕೇಳದವರು ಚಿಕ್ಕಪ್ಪ ಒಬ್ಬರೇ. ಅವರು ಬಂದು ಬಾಗಿಲಲ್ಲಿ ನಿಂತು, "ಏಣಿ ಹಿಡಿಯೋಕೆ ಒಬ್ರು ಬೇಕು, ಬಾ" ಎಂದರು. ಹೋದೆ. ಅವರ ರಿಪೇರಿ ಅಂಗಡಿಯಲ್ಲಿ ಏಣಿ ಹಿಡಿದೆ, ಸ್ಪ್ಯಾನರ್ ಹಿಡಿದೆ, ಆಮೇಲೆ ಒತ್ತಡ ಅಳೆಯುವ ಗೇಜು ಹಿಡಿದೆ. ಇಡೀ ದಿನ ನಮ್ಮಿಬ್ಬರ ನಡುವೆ ಹತ್ತು ಮಾತಾದರೆ ಹೆಚ್ಚು. "ನಮ್ಮ ವಂಶದಲ್ಲೇ ಒಂದು ಡಿಗ್ರಿ ಇರೋದು," ಎಂದು ಗಿರಾಕಿಗಳಿಗೆ ನನ್ನನ್ನು ತೋರಿಸುತ್ತಿದ್ದರು. "ಒಂದೇ ಡಿಗ್ರಿ ನೋಡಿ, ಅದಕ್ಕೇ ಇಷ್ಟು ತಣ್ಣಗೆ."

ಈಗ ಕಾನೂನು ಬದಲಾಗಿ, ಸರ್ಟಿಫಿಕೇಟ್ ಇಲ್ಲದವರಿಗೆ ಗ್ಯಾಸ್ ಮಾರುವಂತಿಲ್ಲ ಎಂದಾದಾಗ ಇಬ್ಬರೂ ಒಟ್ಟಿಗೇ ತರಬೇತಿಗೆ ಸೇರಿದ್ದೆವು. ಬೆಳಗ್ಗೆ ಅವರು ಪಾಸಾಗಿದ್ದರು.

ನಾನು ಹೊರಗೆ ಬಂದಾಗ ಚಿಕ್ಕಪ್ಪ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ನನ್ನ ಮುಖ ನೋಡಿ ಮತ್ತೆ ಮುಚ್ಚಿದರು.

"ಪುಸ್ಸಾ?"

ತಲೆಯಾಡಿಸಿದೆ.

ಅವರು ಡಬ್ಬಿಯನ್ನು ಪಕ್ಕಕ್ಕಿಟ್ಟರು. "ತಪ್ಪು ನಂದು ಕಣೇ," ಎಂದರು.

"ನೀವೇನ್ ಮಾಡಿದ್ರಿ ಚಿಕ್ಕಪ್ಪ?"

"ಕಲಿಸಿದೋನು ಯಾರು? ನನ್ನ ಕೈ ಬುದ್ಧಿ ನನಗೆ ಗೊತ್ತಿತ್ತು. ಒಂದು ತಿಂಗಳಿಂದ ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಒಬ್ನೇ ಕೂತು ಪ್ರಾಕ್ಟೀಸ್ ಮಾಡ್ದೆ. ನೀನು ಓದಿದೋಳು, ನಿನಗ್ಯಾಕೆ ಬೇಕು ಅಂದ್ಕೊಂಡೆ. ನಿನ್ನ ಕೈಯೂ ನನ್ನದೇ ಅನ್ನೋದು ಹೊಳೀಲಿಲ್ಲ ನೋಡು."

ನನಗೆ ಕಲಿಸಿದವರು ಅನೇಕರು. ಅವರಲ್ಲಿ ಕಲಿಸಿದ್ದು ತಪ್ಪಾಯಿತು ಎಂದು ನನ್ನೆದುರು ಹೇಳಿದವರು ಇನ್ನೊಬ್ಬರಿಲ್ಲ. ಡಬ್ಬಿಯ ಮುಚ್ಚಳ ನೋಡುತ್ತ ಕುಳಿತೆ.

"ಇನ್ನೂ ಎರಡೂಕಾಲು ಗಂಟೆ ಇದೆ. ಏಳು," ಎಂದರು.

ಮೆಟ್ಟಿಲ ತಿರುವಿನಲ್ಲಿ ತಮ್ಮ ಚೀಲದಿಂದ ಗೇಜು, ಎರಡು ಹೋಸ್ ಪೈಪು ತೆಗೆದರು. ಸಿಲಿಂಡರ್ ಬದಲು ನೀರಿನ ಬಾಟಲಿ. ಪೈಪು ಜೋಡಿಸು ಎಂದರು. ಜೋಡಿಸಿದೆ. ನನ್ನ ಹೆಬ್ಬೆರಳು ನಟ್ಟಿನ ಮೇಲೆ ಕುಳಿತ ಕೂಡಲೇ ಚಿಕ್ಕಪ್ಪ ಬಾಯಲ್ಲಿ "ಪುಸ್!" ಎಂದರು.

"ನಾನಿನ್ನೂ ತಿರುಗಿಸಿಲ್ಲ!"

"ತಿರುಗಿಸೋಕೆ ಹೊರಟಿತ್ತು. ಮತ್ತೆ ಮಾಡು."

ಮತ್ತೆ ಮಾಡಿದೆ. ಪುಸ್. ಮತ್ತೆ. ಪುಸ್. ನಮ್ಮ ಜೊತೆ ತರಬೇತಿಗೆ ಬಂದಿದ್ದ ದಪ್ಪ ಮೀಸೆಯ ಹೋಟೆಲ್ ಮೆಕ್ಯಾನಿಕ್ ಟೀ ಲೋಟ ಹಿಡಿದು ಮೆಟ್ಟಿಲಿಳಿಯುತ್ತ ನಿಂತರು. "ಏನ್ರೀ ಯಜಮಾನ್ರೇ, ಎಲ್ಲಿ ಪಂಕ್ಚರ್ ಆಯ್ತು?"

"ನಿಮ್ಮ ಹೊಟ್ಟೆ ಹತ್ರ ನೋಡ್ಕೊಳ್ಳಿ, ಅಲ್ಲಿಂದಲೇ ಕೇಳಿಸ್ತಿದೆ," ಎಂದರು ಚಿಕ್ಕಪ್ಪ, ನನ್ನ ಬೆರಳಿನಿಂದ ಕಣ್ಣು ತೆಗೆಯದೆ.

ಇಪ್ಪತ್ತನೆಯ ಸಲವೋ ಏನೋ, ನಾನು ಪೈಪನ್ನು ಕೆಳಗಿಟ್ಟುಬಿಟ್ಟೆ. "ಆಗಲ್ಲ ಚಿಕ್ಕಪ್ಪ. ಗೊತ್ತಿದ್ದೂ ಬೆರಳು ಹೋಗುತ್ತೆ."

"ಯಾಕೆ ಹೋಗುತ್ತೆ ಹೇಳು. ನಿನ್ನ ಬೆರಳಿಗೆ ಏನು ಬೇಕು?"

ಯೋಚಿಸಿದೆ. ನಾನು ಮೌನವನ್ನು ಇಷ್ಟಪಡುವವಳೆಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ಕೆಲಸದಲ್ಲಿ ಆ ಸದ್ದು ಕೇಳುವವರೆಗೂ ನನಗೆ ಸಮಾಧಾನವಿರುತ್ತಿರಲಿಲ್ಲ. "ಸದ್ದು ಬೇಕು," ಎಂದೆ. "ಕೇಳಿಸಿದ್ರೆ ಪೈಪಲ್ಲಿ ಗಾಳಿ ಇಲ್ಲ ಅಂತ ಧೈರ್ಯ."

"ಹಾಂ! ನನಗೂ ಅದೇ ಆಗಿತ್ತು. ಈಗ ಕಿವಿಗೆ ರಜಾ ಕೊಡು. ಪಂಪು ಗಾಳಿ ಎಳೆಯುವಾಗ ಗೇಜಿನ ಮುಳ್ಳು ಸೊನ್ನೆಯಿಂದ ಕೆಳಗೆ ಇಳಿಯುತ್ತಲ್ಲ, ಅದನ್ನು ನೋಡು. ಬೆರಳಿಗೆ ಹೇಳು, ಮುಳ್ಳು ಇಳೀಲಿ ಆಮೇಲೆ ನಿನ್ನ ಪಾಳಿ ಅಂತ."

ಪಂಪು ಇರಲಿಲ್ಲ. ಅವರೇ ಪಂಪಾದರು. ಬಾಯಲ್ಲಿ ಗುರ್ರ್ ಎನ್ನುತ್ತ, ತೋರುಬೆರಳನ್ನು ಗೇಜಿನ ಗಾಜಿನ ಮೇಲೆ ಮೆಲ್ಲಗೆ ಇಳಿಸುತ್ತ ಕುಳಿತರು. ಐವತ್ತೆಂಟು ವರ್ಷದ ಮನುಷ್ಯ, ಊಟ ಬಿಟ್ಟು, ಹೋಗಿ ಬರುವವರೆಲ್ಲ ನಗುತ್ತಿದ್ದರೂ ಗುರ್ರ್ ಎನ್ನುತ್ತಲೇ ಇದ್ದರು. ನಾನು ಅವರ ಉಗುರನ್ನೇ ನೋಡುತ್ತಿದ್ದೆ. ಮೂರೂವರೆಯ ಹೊತ್ತಿಗೆ ಅವರ ಬಾಯಿಂದ ಪುಸ್ ಬರುವುದು ನಿಂತಿತ್ತು.

ನಾಲ್ಕಕ್ಕೆ ಸರಿಯಾಗಿ ಮೇಡಂ ಕರೆದರು. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟೆ. ಪೈಪು ಜೋಡಿಸಿದೆ. ನಟ್ಟು ಬಿಗಿದೆ. ಹೆಬ್ಬೆರಳು ಅಲ್ಲೇ ನಿಂತಿತು. ಅದಕ್ಕೆ ಅರ್ಧ ಸುತ್ತು ಬೇಕಿತ್ತು. ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು.

"ಯಾಕೆ ನಿಲ್ಲಿಸಿದ್ರಿ?"

"ಸ್ವಲ್ಪ ತಡಿ ಅಂತ ಹೇಳ್ತಿದ್ದೀನಿ ಮೇಡಂ."

"ನನಗಾ?"

"ಅಯ್ಯೋ ಇಲ್ಲ ಮೇಡಂ, ಬೆರಳಿಗೆ."

ಅವರು ನಗಲಿಲ್ಲ. ನಾನು ಕೈಯನ್ನು ನಟ್ಟಿನಿಂದ ಎತ್ತಿ ಪಂಪಿನ ಗುಂಡಿ ಒತ್ತಿದೆ. ಮುಳ್ಳು ಸೊನ್ನೆಯಿಂದ ಕೆಳಗೆ ಇಳಿಯಿತು, ಕೊನೆಯಲ್ಲಿ ನಿಂತಿತು. ವಾಲ್ವು ಮುಚ್ಚಿ ಪಂಪು ಆರಿಸಿದೆ. ಮುಳ್ಳು ಅಲುಗಲಿಲ್ಲ. ಸಿಲಿಂಡರ್ ತೆರೆದೆ. ತಕ್ಕಡಿಯ ಅಂಕಿಗಳು ಒಂದೊಂದೇ ಕಡಿಮೆಯಾಗತೊಡಗಿದವು. ಮೇಡಂ ಯಂತ್ರವನ್ನು ಪ್ರತಿ ಜೋಡಣೆಯ ಸುತ್ತಲೂ ಆಡಿಸಿದರು. ಅದು ಬಾಯಿ ಬಿಡಲಿಲ್ಲ.

ಫಾರಂ ತುಂಬುತ್ತ ಕೇಳಿದರು: "ಪುಸ್ ಬಿಡೋದನ್ನ ಯಾರು ಕಲಿಸಿದ್ದು?"

"ನಮ್ಮ ಚಿಕ್ಕಪ್ಪ."

"ಬಿಡದೇ ಇರೋದನ್ನ?"

"ಅದೂ ಅವರೇ ಮೇಡಂ. ಈಗ, ಮೆಟ್ಟಿಲ ಮೇಲೆ."

ಅವರು ಪೆನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದರು. "ಗುರ್ರ್ ಅಂತಿದ್ದಿದ್ದು ಅವರಾ? ನಾನು ಯಾರೋ ಬೈಕ್ ತಂದಿದ್ದಾರೆ ಅಂದ್ಕೊಂಡೆ." ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು.

ಹೊರಗೆ ಚಿಕ್ಕಪ್ಪ ತಣ್ಣಗಾದ ಊಟ ಮಾಡುತ್ತಿದ್ದರು. ಹಾಳೆ ತೋರಿಸಿದೆ. ಎಡಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು, ಎರಡು ಸಲ ಓದಿದರು.

ಪಕ್ಕದಲ್ಲಿ ಕುಳಿತೆ. ಇಷ್ಟು ದಿನ ಒಳಗೇ ಇದ್ದದ್ದನ್ನು ಇವತ್ತು ಹೇಳಲೇಬೇಕು ಅನಿಸಿತು. ಆದರೆ ಬಾಯಿಗೆ ಬಂದದ್ದು, "ಚಿಕ್ಕಪ್ಪ, ನಿಮ್ಮಿಂದ ತುಂಬಾ ಉಪಕಾರ ಆಯ್ತು."

"ಏನೇ ಇದು, ನಾನೇನು ಬಸ್ಸಲ್ಲಿ ನಿನಗೆ ಸೀಟು ಬಿಟ್ಟುಕೊಟ್ನಾ?"

ನಾನು ನಕ್ಕೆ. ನಗುತ್ತಿದ್ದಂತೆ ಕಣ್ಣು ತುಂಬಿತು. ಅವರು ನೋಡಿಯೂ ನೋಡದಂತೆ ಡಬ್ಬಿಯಲ್ಲಿ ಉಳಿದಿದ್ದ ಅರ್ಧ ಅನ್ನವನ್ನು ನನ್ನ ಕಡೆ ಸರಿಸಿದರು. ನಾನೂ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮುಗಿಸಿದೆವು.